ನಾರದಿದ್ದರೆ ಸಾಧನೆ: ಕಿಂಗ್ ಕೌಂಟಿಯ ವರ್ಷದ ಲೆಕ್ಕ

ಊರಲ್ಲಿ ಸರ್ಕಾರಕ್ಕೆ ವರ್ಷ ತುಂಬಿತೆಂದು ಗೊತ್ತಾಗುವುದು ಪತ್ರಿಕೆಯ ಮುಖಪುಟದಿಂದ. ಪುಟದ ತುಂಬ ಜಾಹೀರಾತು, ಮೂಲೆಗೊಬ್ಬರಂತೆ ಕೈಮುಗಿದು ನಗುವ ನಾಯಕರು, ನಡುವೆ ಇಷ್ಟು ಕಿಲೋಮೀಟರ್ ರಸ್ತೆ, ಇಷ್ಟು ಲಕ್ಷ ಫಲಾನುಭವಿಗಳು. ಅಮೆರಿಕದ ಕೌಂಟಿ ಸರ್ಕಾರಗಳಿಗೂ ಈ ಚಟ ಉಂಟು. ವರ್ಷದ ಕೊನೆಗೆ ‘ಈ ಸಲ ನಾವು ಮಾಡಿದ್ದು’ ಎಂದು ಪಟ್ಟಿ ಬರುತ್ತದೆ. ಮುಖಗಳು ಕಡಿಮೆ, ಅಂಕಿಗಳು ಜಾಸ್ತಿ. ಅಂಕಿ ಇದೆ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಕಿಲ್ಲ. ಯಾವ ಅಂಕಿಯನ್ನು ಯಾವುದರಿಂದ ಭಾಗಿಸಿದ್ದಾರೆ, ದುಡ್ಡು ಯಾರ ಜೇಬಿನದು ಎಂದು ನೋಡಲು ಬಂದರೆ ಪಟ್ಟಿ ಬೇರೆಯೇ ಕಥೆ ಹೇಳುತ್ತದೆ. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯನ್ನೇ ತೆಗೆದುಕೊಳ್ಳೋಣ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್ ಎಲ್ಲ ಇದರೊಳಗೇ ಬರುತ್ತವೆ. ಮೈಕ್ರೋಸಾಫ್ಟ್, ಅಮೆಜಾನ್ ಇರುವ ಜಾಗ. ಕರ್ನಾಟಕದ ಎಷ್ಟೋ ಮನೆಗಳ ಮಕ್ಕಳ ಈಗಿನ ವಿಳಾಸ.

ಕೌಂಟಿ ಅಂದರೆ ಜಿಲ್ಲೆ ಎಂದುಕೊಂಡರೆ ಅರ್ಧ ಸರಿ. ವಿಸ್ತಾರದಲ್ಲಿ ಮಂಡ್ಯ ಜಿಲ್ಲೆಗಿಂತ ತುಸು ದೊಡ್ಡದು. 2020ರ ಜನಗಣತಿಯಲ್ಲಿ 22,69,675 ಜನ. ಒಳಗೆ 39 ನಗರಗಳು. ಆದರೆ ಇಲ್ಲಿ ಮೇಲಿನಿಂದ ನೇಮಕವಾಗಿ ಬರುವ ಜಿಲ್ಲಾಧಿಕಾರಿ ಇಲ್ಲ. ಎಕ್ಸಿಕ್ಯೂಟಿವ್ ಎಂಬ ಮುಖ್ಯಸ್ಥರನ್ನು, 9 ಜನರ ಕೌನ್ಸಿಲನ್ನು ಜನರೇ ಆರಿಸುತ್ತಾರೆ. ಆಸ್ತಿಗೆ ಬೆಲೆ ಕಟ್ಟುವ ಅಸೆಸರ್, ಮುಖ್ಯ ಸರ್ಕಾರಿ ವಕೀಲರು, ಚುನಾವಣಾ ನಿರ್ದೇಶಕರು ಕೂಡ ಮತ ಕೇಳಿ ಗೆದ್ದವರೇ. ಕೌಂಟಿಯ ಹೆಸರಿಗೂ ಒಂದು ಕಥೆ ಇದೆ. 1852ರಲ್ಲಿ ಇದಕ್ಕೆ ಹೆಸರಿಟ್ಟದ್ದು ಅಮೆರಿಕದ ಉಪಾಧ್ಯಕ್ಷನಾಗಿ ಆಯ್ಕೆಯಾಗಿದ್ದ ವಿಲಿಯಂ ರುಫಸ್ ಕಿಂಗ್ ಎಂಬವನದು. ಅವನು ಗುಲಾಮರನ್ನು ಇಟ್ಟುಕೊಂಡಿದ್ದವ. 1986ರಲ್ಲಿ ಕೌನ್ಸಿಲ್ ‘ಇನ್ನು ಈ ಕಿಂಗ್ ಅಂದರೆ ಮಾರ್ಟಿನ್ ಲೂಥರ್ ಕಿಂಗ್’ ಎಂದು ನಿರ್ಣಯ ಮಾಡಿತು, 2005ರಲ್ಲಿ ರಾಜ್ಯದ ಕಾನೂನು ಅದಕ್ಕೆ ಮುದ್ರೆ ಒತ್ತಿತು. ಹೆಸರಿನ ಒಂದಕ್ಷರವನ್ನೂ ಬದಲಿಸದೆ ಮಾಡಿದ ಮರುನಾಮಕರಣ.

ಪಟ್ಟಿ ಓದುವ ಮೊದಲು ಕೌಂಟಿಯ ಕೆಲಸ ಯಾವುದು, ಯಾವುದಲ್ಲ ಎಂದು ತಿಳಿದಿರಬೇಕು. ಬಸ್ಸು, ಮಲಿನ ನೀರಿನ ಶುದ್ಧೀಕರಣ, ಸಾರ್ವಜನಿಕ ಆರೋಗ್ಯ, ಚುನಾವಣೆ, ಜೈಲು, ಕೋರ್ಟು, ಆಸ್ತಿ ಮೌಲ್ಯಮಾಪನ ಕೌಂಟಿಯದು. ಯಾವ ನಗರಕ್ಕೂ ಸೇರದ ಹೊರವಲಯಕ್ಕೆ ರಸ್ತೆ, ಪೊಲೀಸೂ ಅದರದೇ. ಶಾಲೆ ಕೌಂಟಿಯದಲ್ಲ, ಶಾಲಾ ಜಿಲ್ಲೆ ಎಂಬ ಬೇರೆ ಸಂಸ್ಥೆಗಳದು. ಹೆದ್ದಾರಿ ರಾಜ್ಯದ್ದು. ಬೆಲ್‌ವ್ಯೂ, ರೆಡ್ಮಂಡ್ ಕಡೆ ಓಡುವ ಲೈಟ್ ರೈಲು ಸೌಂಡ್ ಟ್ರಾನ್ಸಿಟ್ ಎಂಬ ಬೇರೆ ಸಂಸ್ಥೆಯದು. ರೈಲಿನಲ್ಲೂ ಬಸ್ಸಿನಲ್ಲೂ ಓರ್ಕಾ ಎಂಬ ಒಂದೇ ಕಾರ್ಡ್ ನಡೆಯುವುದರಿಂದ ಎಲ್ಲ ಒಬ್ಬರದೇ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹೊಸ ನಿಲ್ದಾಣದ ರಿಬ್ಬನ್ ಕತ್ತರಿಸುವ ಫೋಟೊದಲ್ಲಿ ಕೌಂಟಿಯವರು ನಿಂತಿದ್ದರೆ ಅವರೇ ಕಟ್ಟಿಸಿದ್ದೆಂದು ಅರ್ಥವಲ್ಲ. ಈ ವಿದ್ಯೆಯನ್ನು ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೌಂಟಿಯ ನಿಜವಾದ ಬಂಡವಾಳ ನೆಲದ ಕೆಳಗಿದೆ. ಚರಂಡಿಯ ವಿಷಯಕ್ಕೆ ಬರೋಣ.

1955ರಲ್ಲಿ ಸಿಯಾಟಲ್ ಮತ್ತು ಬೆಲ್‌ವ್ಯೂ ನಡುವಿನ ವಾಷಿಂಗ್ಟನ್ ಸರೋವರದಲ್ಲಿ ಆಸಿಲಟೋರಿಯ ರುಬೆಸೆನ್ಸ್ ಎಂಬ ಪಾಚಿ ಕಾಣಿಸಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡಬ್ಲ್ಯು. ಟಿ. ಎಡ್ಮಂಡ್ಸನ್ ಎಂಬ ಪ್ರಾಣಿಶಾಸ್ತ್ರಜ್ಞರಿಗೆ ಅದರ ಅರ್ಥ ತಕ್ಷಣ ಹೊಳೆಯಿತು: ಯುರೋಪಿನ ಕೆಲವು ಸರೋವರಗಳು ಕೆಡತೊಡಗಿದಾಗ ಮೊದಲು ತಲೆಯೆತ್ತಿದ್ದು ಇದೇ ಪಾಚಿ. ಸುತ್ತಲಿನ ಊರುಗಳ ಚರಂಡಿ ಘಟಕಗಳು ನೀರನ್ನು ಸಂಸ್ಕರಿಸಿಯೇ ಸರೋವರಕ್ಕೆ ಬಿಡುತ್ತಿದ್ದವು. ತೊಂದರೆ ಅಲ್ಲೇ ಇತ್ತು. ಆಗಿನ ಸಂಸ್ಕರಣೆ ಕೊಳೆಯನ್ನು ತೆಗೆಯುತ್ತಿತ್ತು, ರಂಜಕವನ್ನು ತೆಗೆಯುತ್ತಿರಲಿಲ್ಲ. ರಂಜಕವೆಂದರೆ ಪಾಚಿಗೆ ಗೊಬ್ಬರ. ಕಣ್ಣಿಗೆ ತಿಳಿಯಾಗಿ ಕಂಡ ನೀರೇ ಸರೋವರವನ್ನು ಹಸಿರು ಗಂಜಿ ಮಾಡುತ್ತಿತ್ತು.

ಪರಿಹಾರ ಸರಳ, ಖರ್ಚು ಭಾರಿ: ಸರೋವರದ ಸುತ್ತ ದೊಡ್ಡ ಕೊಳವೆ ಹಾಕಿ ಎಲ್ಲ ಊರಿನ ಹೊಲಸನ್ನೂ ಎರಡು ದೊಡ್ಡ ಘಟಕಗಳಿಗೆ ಒಯ್ಯುವುದು. ಅದಕ್ಕೆ ನಗರಗಳೆಲ್ಲ ಸೇರಿ ಒಂದು ಸಂಸ್ಥೆ ಬೇಕು. 1958ರ ಮಾರ್ಚ್‌ನಲ್ಲಿ ಮತಕ್ಕೆ ಹಾಕಿದರು. ಸಿಯಾಟಲ್ ಒಪ್ಪಿತು, ಹೊರಗಿನ ಊರುಗಳು ಒಪ್ಪಲಿಲ್ಲ, ಪ್ರಸ್ತಾಪ ಬಿತ್ತು. ಆ ಬೇಸಿಗೆಯಲ್ಲಿ ಸರೋವರದ ನಾತ ಎಲ್ಲರ ಮೂಗಿಗೂ ಮುಟ್ಟಿತು. ಸೆಪ್ಟೆಂಬರ್‌ನಲ್ಲಿ ಬಸ್ಸು ಗಿಸ್ಸು ಎಲ್ಲ ಬಿಟ್ಟು ಚರಂಡಿಯೊಂದನ್ನೇ ಮುಂದಿಟ್ಟು ಮತ್ತೆ ಕೇಳಿದರು, ಗೆದ್ದಿತು. ಹೀಗೆ ಹುಟ್ಟಿದ್ದು ಮೆಟ್ರೊ ಎಂಬ ಸಂಸ್ಥೆ. ಬಸ್ಸು ಅದಕ್ಕೆ ಸೇರಿದ್ದು 1973ರಲ್ಲಿ, ಸಂಸ್ಥೆಯೇ ಕೌಂಟಿಯೊಳಗೆ ವಿಲೀನವಾದದ್ದು 1994ರಲ್ಲಿ. ಕಿಂಗ್ ಕೌಂಟಿಯ ಬಸ್ಸಿಗೆ ಮೆಟ್ರೊ ಎಂಬ ಹೆಸರು ಬಂದದ್ದು ಹೀಗೆ, ಚರಂಡಿಯ ಕಡೆಯಿಂದ.

1963ರಿಂದ 1968ರವರೆಗೆ ಒಂದೊಂದೇ ಕೊಳವೆಯನ್ನು ಸರೋವರದಿಂದ ತಿರುಗಿಸಿದರು. 1964ರಲ್ಲಿ ನೀರಿನೊಳಗೆ ಇಳಿಬಿಟ್ಟ ಬಿಳಿ ತಟ್ಟೆ ಸುಮಾರು 30 ಇಂಚಿಗೆ ಕಣ್ಮರೆಯಾಗುತ್ತಿತ್ತು. 1968ರ ಹೊತ್ತಿಗೆ 10 ಅಡಿಯವರೆಗೂ ಕಾಣುತ್ತಿತ್ತು. ಯಾವ ರಾಸಾಯನಿಕವನ್ನೂ ಸುರಿಯಲಿಲ್ಲ, ಹೂಳೆತ್ತಲಿಲ್ಲ. ಒಳಗೆ ಬರುವುದನ್ನು ನಿಲ್ಲಿಸಿದರು, ಸರೋವರ ತನ್ನನ್ನು ತಾನೇ ತೊಳೆದುಕೊಂಡಿತು. ಬೆಳ್ಳಂದೂರು ಕೆರೆಯ ನೊರೆಗೆ ಬಲೆ ಕಟ್ಟಿ, ನೀರು ಚಿಮುಕಿಸಿ ಅಡಗಿಸಲು ನೋಡಿದ್ದನ್ನು ಕಂಡವರಿಗೆ ಈ ವ್ಯತ್ಯಾಸ ಚುರುಕೆನ್ನುತ್ತದೆ. ಎಡ್ಮಂಡ್ಸನ್ ಕೆಲಸ ಸರೋವರ ವಿಜ್ಞಾನಕ್ಕೆ ಇವತ್ತಿಗೂ ಒಂದು ಮಾದರಿ. ಒಂದು ಮಾತು ಮಾತ್ರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ: ಸರೋವರದಿಂದ ತಪ್ಪಿಸಿದ ನೀರು ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ತೋಳಿಗೆ ಹೋಯಿತು. 1966ರಲ್ಲಿ ಶುರುವಾದ ವೆಸ್ಟ್ ಪಾಯಿಂಟ್ ಘಟಕದಲ್ಲಿ 1995ರವರೆಗೆ ಎರಡನೆಯ ಹಂತದ ಸಂಸ್ಕರಣೆ, ಅಂದರೆ ಸೂಕ್ಷ್ಮಜೀವಿಗಳಿಂದ ಹೊಲಸು ತಿನ್ನಿಸುವ ಹಂತ, ಇರಲಿಲ್ಲ.

ವೆಸ್ಟ್ ಪಾಯಿಂಟ್‌ಗೆ ಒಣ ದಿನಗಳಲ್ಲಿ ದಿನಕ್ಕೆ ಸುಮಾರು 9 ಕೋಟಿ ಗ್ಯಾಲನ್ ಬರುತ್ತದೆ. ಜೋರು ಮಳೆಯಲ್ಲಿ 44 ಕೋಟಿ ಗ್ಯಾಲನ್‌ವರೆಗೆ ತಡೆದುಕೊಳ್ಳಬೇಕು. ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹಾಯಿಸುವ ಕೆ.ಸಿ. ವ್ಯಾಲಿ ಯೋಜನೆಯ ಅಳತೆಯೂ 44 ಕೋಟಿಯೇ, ಆದರೆ ಲೀಟರ್. ಒಂದು ಗ್ಯಾಲನ್ ಅಂದರೆ 3.785 ಲೀಟರ್. ಎರಡು ದೇಶದ ಅಂಕಿ ಹೋಲಿಸುವವರು ಮೊದಲು ಎಡವುವ ಕಲ್ಲು ಇದು.

ಮಳೆ ಬಂದರೆ ಐದು ಪಟ್ಟು ನೀರು ಯಾಕೆ? ಸಿಯಾಟಲ್‌ನ ಹಳೆಯ ಬಡಾವಣೆಗಳಲ್ಲಿ ಮಳೆನೀರಿಗೂ ಕಕ್ಕಸಿನ ನೀರಿಗೂ ಒಂದೇ ಕೊಳವೆ. ಜೋರು ಮಳೆ ಹೊಡೆದರೆ ಕೊಳವೆ ತುಂಬಿ, ಹೆಚ್ಚಾದದ್ದು ನೇರ ನದಿಗೋ ಕಾಲುವೆಗೋ ಹೊರಳುತ್ತದೆ. ಹಾಗೆ ಹೊರಳದೆ ಇದ್ದರೆ ಮನೆಗಳ ಒಳಗೆ ಉಕ್ಕುತ್ತದೆ. ವಾಷಿಂಗ್ಟನ್ ರಾಜ್ಯದ ನಿಯಮವೆಂದರೆ ಒಂದೊಂದು ಹೊರಬಾಯಿಯಿಂದ ಸರಾಸರಿ ವರ್ಷಕ್ಕೆ ಒಂದು ಸಲಕ್ಕಿಂತ ಹೆಚ್ಚು ಹೀಗೆ ಆಗಕೂಡದು. ಕೇಂದ್ರದ ಪರಿಸರ ಸಂಸ್ಥೆಯೊಂದಿಗೆ 2013ರಲ್ಲಿ ಆದ ನ್ಯಾಯಾಲಯದ ಒಪ್ಪಂದ ಇದನ್ನು ಗಡುವಿನೊಂದಿಗೆ ಕಟ್ಟಿಹಾಕಿತು. ಆಮೇಲೆ ಬಂದ ದೊಡ್ಡ ಕಾಮಗಾರಿಗಳು ಎರಡು. ಜಾರ್ಜ್‌ಟೌನ್‌ನಲ್ಲಿ ಮಳೆಗಾಲಕ್ಕೆಂದೇ ಇರುವ ಘಟಕ 2022ರಲ್ಲಿ ಶುರುವಾಯಿತು; ದಿನಕ್ಕೆ 7 ಕೋಟಿ ಗ್ಯಾಲನ್ ತಾಳಬಲ್ಲದು, ಮಿಕ್ಕ ದಿನ ಸುಮ್ಮನೆ ಕೂತಿರುತ್ತದೆ. ಬ್ಯಾಲರ್ಡ್‌ನಿಂದ ವಾಲಿಂಗ್‌ಫರ್ಡ್‌ವರೆಗೆ ಸಿಯಾಟಲ್ ನಗರದ ಜೊತೆ ಸೇರಿ ಕೊರೆದದ್ದು 2.7 ಮೈಲಿ ಉದ್ದ, 18 ಅಡಿ 10 ಇಂಚು ಅಗಲದ ಸುರಂಗ; 2.9 ಕೋಟಿ ಗ್ಯಾಲನ್, ಅಂದರೆ ಹತ್ತಿರ ಹತ್ತಿರ 11 ಕೋಟಿ ಲೀಟರ್ ಹಿಡಿಯುತ್ತದೆ. ಮಳೆ ನಿಂತ ಮೇಲೆ ಅಲ್ಲಿಂದ ಮೆಲ್ಲಗೆ ಪಂಪ್ ಮಾಡಿ ವೆಸ್ಟ್ ಪಾಯಿಂಟ್‌ಗೆ ಕಳಿಸುವ ಲೆಕ್ಕ. ಕೊರೆತ ಮುಗಿದದ್ದು 2023ರಲ್ಲಿ.

ಇಲ್ಲಿ ಪಟ್ಟಿ ಓದುವವರು ಜಾಗರೂಕರಾಗಬೇಕು. ‘ಈ ವರ್ಷ ಹೊರಳಿದ ಕೊಳಕು ನೀರು ಇಷ್ಟು ಕೋಟಿ ಗ್ಯಾಲನ್ ಕಡಿಮೆಯಾಯಿತು’ ಎಂದಿದ್ದರೆ, ಆ ವರ್ಷ ಮಳೆ ಎಷ್ಟಾಯಿತು ಎಂದು ಮೊದಲು ಕೇಳಿ. ಮಳೆ ಕೈಕೊಟ್ಟ ವರ್ಷ ಎಲ್ಲ ಇಂಜಿನಿಯರರೂ ಜಾಣರೇ. ಅದಕ್ಕೇ ನಿಯಮ ಒಂದು ವರ್ಷದ ಗ್ಯಾಲನ್ ನೋಡುವುದಿಲ್ಲ, 20 ವರ್ಷದ ಸರಾಸರಿ ನೋಡುತ್ತದೆ. ಹಿಡಿಯಬೇಕಾದ ಅಂಕಿ ಎಂದರೆ ಎಷ್ಟು ಹೊರಬಾಯಿಗಳು ನಿಯಮದೊಳಗೆ ಬಂದಿವೆ, ಎಷ್ಟು ಇನ್ನೂ ಬಂದಿಲ್ಲ ಎಂಬುದು.

2017ರ ಫೆಬ್ರವರಿ 9. ಜೋರು ಮಳೆ, ವೆಸ್ಟ್ ಪಾಯಿಂಟ್ ತನ್ನ ತುತ್ತತುದಿಯ ಅಳತೆಯಲ್ಲಿ ಓಡುತ್ತಿತ್ತು. ಬೆಳಗಿನ ಜಾವ ವಿದ್ಯುತ್ ದೋಷದಿಂದ ನೀರನ್ನು ಹೊರದೂಡುವ ಪಂಪುಗಳು ನಿಂತವು. ಹಾಗಾದಾಗ ಒಳಬರುವ ಪಂಪುಗಳನ್ನು ತಾನಾಗಿ ನಿಲ್ಲಿಸಲೆಂದು ತೊಟ್ಟಿಗಳಲ್ಲಿ ತೇಲುಬುರುಡೆಯ ಸ್ವಿಚ್‌ಗಳಿದ್ದವು. ನಮ್ಮ ಮನೆಗಳ ಓವರ್‌ಹೆಡ್ ಟ್ಯಾಂಕಿನಲ್ಲಿ ಇರುವಂಥದ್ದೇ ತತ್ತ್ವ. ಅವು ಕೆಲಸ ಮಾಡಲಿಲ್ಲ. ಹೊರಹೋಗಲಾರದ ನೀರಿನ ಮೇಲೆ ಒಳಬರುವ ನೀರು ಬಿದ್ದು, ನೆಲದಡಿಯ ಯಂತ್ರಗಳೆಲ್ಲ ಮುಳುಗಿದವು. ಕೊನೆಗೆ ತುರ್ತುಬಾಗಿಲು ತೆಗೆದು ಹಸಿ ಹೊಲಸು ಬೆರೆತ ಮಳೆನೀರನ್ನು ಸಮುದ್ರಕ್ಕೆ ಬಿಡಬೇಕಾಯಿತು. ಮೋಟರು, ಕೇಬಲ್ಲು ಬದಲಿಸುವುದು ಒಂದು ಪಾಡು. ಹೊಲಸು ತಿನ್ನುವ ಸೂಕ್ಷ್ಮಜೀವಿಗಳನ್ನು ಮತ್ತೆ ಬೆಳೆಸಿ ಹದಕ್ಕೆ ತರುವುದು ಇನ್ನೊಂದು. ಮೊಸರಿಗೆ ಹೆಪ್ಪು ಹಾಕಿ ಕಾದ ಹಾಗೆ ಕಾಯಬೇಕು, ಗುತ್ತಿಗೆದಾರನನ್ನು ಗದರಿಸಿ ಪ್ರಯೋಜನವಿಲ್ಲ. ಘಟಕ ಪೂರ್ತಿ ಸರಿಯಾಗಲು ಮೇ ತಿಂಗಳಾಯಿತು. ರಾಜ್ಯದ ಪರಿಸರ ಇಲಾಖೆ ಕೌಂಟಿಗೆ 3,61,000 ಡಾಲರ್ ದಂಡ ಹಾಕಿತು. ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ದಂಡ ಹಾಕಿ, ಅದು ಕಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಅದೇ ಫೆಬ್ರವರಿಯ 16ಕ್ಕೆ ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದಿತ್ತು.

ಇದರ ಬಿಲ್ಲು ಯಾರಿಗೆ? ಕೌಂಟಿ ಚರಂಡಿ ಸೇವೆಯನ್ನು ನಗರಗಳಿಗೆ, ಸೀವರ್ ಜಿಲ್ಲೆಗಳಿಗೆ ಸಗಟಾಗಿ ಮಾರುತ್ತದೆ. ಅವು ತಮ್ಮ ಖರ್ಚು ಸೇರಿಸಿ ಮನೆಗೆ ಬಿಲ್ ಕಳಿಸುತ್ತವೆ. ಸಗಟು ದರ ಒಂದು ಮನೆಗೆ ತಿಂಗಳಿಗೆ 2023ರಲ್ಲಿ 52.11 ಡಾಲರ್ ಇದ್ದದ್ದು 2024ರಲ್ಲಿ 55.11, 2025ರಲ್ಲಿ 58.28 ಆಯಿತು. ಹೊಸ ಮನೆ ಕೊಳ್ಳುವವರಿಗೆ ಇನ್ನೊಂದು ಬಲೆ ಇದೆ: ಕೆಪ್ಯಾಸಿಟಿ ಚಾರ್ಜ್. 1990ರ ಫೆಬ್ರವರಿಯ ನಂತರ ಚರಂಡಿಗೆ ಹೊಸದಾಗಿ ಸೇರಿದ ಮನೆಗಳೆಲ್ಲ ಇದನ್ನು 15 ವರ್ಷ ಕಟ್ಟಬೇಕು. ಇದು ತಿಂಗಳ ಸೀವರ್ ಬಿಲ್ಲಿನಲ್ಲಿ ಬರುವುದಿಲ್ಲ, ಆಸ್ತಿ ತೆರಿಗೆಯಲ್ಲೂ ಬರುವುದಿಲ್ಲ. ಕೌಂಟಿಯಿಂದ ಬೇರೆಯೇ ಲಕೋಟೆಯಲ್ಲಿ ಬರುತ್ತದೆ. ಗೃಹಪ್ರವೇಶದ ಪಾಯಸದ ರುಚಿ ನಾಲಗೆಯಿಂದ ಹೋಗುವ ಮೊದಲೇ ಬರುವ ಈ ಲಕೋಟೆ ಬಹಳ ಜನರನ್ನು ಬೆಚ್ಚಿಬೀಳಿಸಿದೆ. ಹಳೆಯ ಮನೆ ಕೊಂಡರೂ ಬಾಕಿ ವರ್ಷಗಳು ಕೊಂಡವರ ತಲೆಗೇ ಬರುತ್ತವೆ, ಹಾಗಾಗಿ ಕಾಗದಪತ್ರಕ್ಕೆ ಸಹಿ ಹಾಕುವ ಮೊದಲು ಎಷ್ಟು ವರ್ಷ ಉಳಿದಿದೆ, ಮಾರುವವರು ತೀರಿಸುತ್ತಾರೋ ಇಲ್ಲವೋ ಎಂದು ಬರಹದಲ್ಲಿ ಕೇಳಿಕೊಳ್ಳಬೇಕು. ಮನೆಯಿಂದ ಬೀದಿಯ ದೊಡ್ಡ ಕೊಳವೆಯವರೆಗಿನ ತುಂಡಿನ ಜವಾಬ್ದಾರಿ ಮನೆ ಮಾಲೀಕರದು ಎಂಬುದನ್ನೂ ಮರೆಯಬಾರದು. ಅದು ಕಟ್ಟಿಕೊಳ್ಳಲು ಮುಖ್ಯ ಕಾರಣ ಮರದ ಬೇರು, ಒರೆಸುವ ವೈಪ್ಸ್ ಮತ್ತು ಎಣ್ಣೆ. ಬೋಂಡ ಕರಿದ ಎಣ್ಣೆಯನ್ನು ಬಿಸಿನೀರು ಬಿಟ್ಟು ಸಿಂಕಿಗೆ ಸುರಿದರೆ ಆಚೆ ಹೋಗಿ ತಣ್ಣಗಾಗಿ ಸೋಪಿನಂತೆ ಗಟ್ಟಿಯಾಗುತ್ತದೆ. ತುಪ್ಪವಂತೂ ಇಲ್ಲಿನ ಚಳಿಗೆ ಕಲ್ಲೇ. ಆರಿಸಿ, ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು ಕಸಕ್ಕೆ ಹಾಕುವುದೇ ಸರಿ.

ಎಲ್ಲ ಮುಗಿದು ಉಳಿದ ಗಸಿಯನ್ನು ಲೂಪ್ ಎಂಬ ಹೆಸರಿನಲ್ಲಿ ಲಾರಿಗಳಲ್ಲಿ ಒಯ್ದು ರಾಜ್ಯದ ಪೂರ್ವಭಾಗದ ಮಳೆಯಾಶ್ರಿತ ಗೋಧಿ ಹೊಲಗಳಿಗೆ, ಕಾಡುಗಳಿಗೆ ಗೊಬ್ಬರವಾಗಿ ಹಾಕುತ್ತಾರೆ. ಪಟ್ಟಿಯ ಹೆಮ್ಮೆಗಳಲ್ಲಿ ಇದು ನಿಜಕ್ಕೂ ಗಟ್ಟಿಯಾದದ್ದು.

ಇನ್ನು ಪ್ರಾಣದ ಲೆಕ್ಕ. ಸಿಯಾಟಲ್‌ನಲ್ಲಿ 1970ರಲ್ಲಿ ಅಗ್ನಿಶಾಮಕ ದಳದ ಜೊತೆ ಹೃದ್ರೋಗ ತಜ್ಞ ಲಿಯೊನಾರ್ಡ್ ಕಾಬ್ ಶುರುಮಾಡಿದ ಮೆಡಿಕ್ ಒನ್ ಪದ್ಧತಿ ಈಗ ಕೌಂಟಿಯ ಉದ್ದಗಲಕ್ಕೂ ಇದೆ. ಮೊದಲು ಹತ್ತಿರದ ಅಗ್ನಿಶಾಮಕ ಠಾಣೆಯಿಂದ ಪ್ರಥಮ ಚಿಕಿತ್ಸೆಯವರು ಬರುತ್ತಾರೆ, ಪ್ರಕರಣ ಗಂಭೀರವಿದ್ದರೆ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ ತರಬೇತಿ ಪಡೆದ ಪ್ಯಾರಾಮೆಡಿಕ್‌ಗಳು ಬೆನ್ನಿಗೇ ಬರುತ್ತಾರೆ. ಹೃದಯಸ್ತಂಭನದಿಂದ ಬದುಕುಳಿದವರ ಪ್ರಮಾಣ 2013ರಲ್ಲಿ ಶೇ. 62 ಎಂದು ಕೌಂಟಿ ಹೇಳಿಕೊಂಡಿತು; ಜಗತ್ತೇ ತಿರುಗಿ ನೋಡಿದ ಅಂಕಿ ಅದು. ಸುಳ್ಳಲ್ಲ. ಆದರೆ ಛೇದದಲ್ಲಿ ಇರುವುದು ಎಲ್ಲ ಹೃದಯಸ್ತಂಭನಗಳಲ್ಲ: ಕುಸಿದು ಬಿದ್ದದ್ದನ್ನು ಯಾರೋ ಕಣ್ಣಾರೆ ಕಂಡಿರಬೇಕು, ಹೃದಯದ ಲಯ ಶಾಕ್ ಕೊಟ್ಟರೆ ಸರಿಹೋಗುವ ಬಗೆಯದಾಗಿರಬೇಕು. ಊರೂರುಗಳನ್ನು ನ್ಯಾಯವಾಗಿ ಹೋಲಿಸಲು ಜಗತ್ತೆಲ್ಲ ಒಪ್ಪಿದ ಅಳತೆ ಅದು. ಎಲ್ಲ ಪ್ರಕರಣಗಳನ್ನೂ ಸೇರಿಸಿದರೆ ಪ್ರಮಾಣ ಬಹಳ ಕೆಳಗಿಳಿಯುತ್ತದೆ. ಬೇರೆ ಊರಿನ ಒಟ್ಟು ಅಂಕಿಯನ್ನು ಇದರ ಪಕ್ಕ ಇಟ್ಟು ಬೀಗುವುದು ಮೋಸ.

ಈ ಯಶಸ್ಸಿನ ಗುಟ್ಟು ಆಂಬುಲೆನ್ಸಿಗಿಂತ ಫೋನಿನಲ್ಲಿದೆ. 911ಕ್ಕೆ ಕರೆ ಮಾಡಿದರೆ ಎತ್ತಿದವರು ವಿಳಾಸದ ನಂತರ ಕೇಳುವುದು ಎರಡು: ಎಚ್ಚರ ಇದೆಯೇ? ಉಸಿರಾಟ ಸರಿಯಾಗಿದೆಯೇ? ಎರಡಕ್ಕೂ ಇಲ್ಲ ಎಂದರೆ ಮೂರನೆಯ ಪ್ರಶ್ನೆ ಇಲ್ಲ, ಎದೆ ಒತ್ತಲು ಹೇಳಿಕೊಡಲು ಶುರು. ಮಕ್ಕಳ ಮನೆಗೆಂದು ಆರು ತಿಂಗಳು ಬರುವ ಅಪ್ಪ ಅಮ್ಮಂದಿರಿಗೆ ಇದನ್ನು ವಿಮಾನ ಇಳಿದ ವಾರದಲ್ಲೇ ಹೇಳಿಕೊಡಬೇಕು. ಮನೆ ವಿಳಾಸ ದೊಡ್ಡ ಅಕ್ಷರದಲ್ಲಿ ಫ್ರಿಜ್ ಮೇಲೆ ಇರಲಿ. ಇಂಗ್ಲಿಷ್ ತಡವರಿಸಿದರೆ ‘ಕನ್ನಡ, ಇಂಟರ್ಪ್ರಿಟರ್’ ಎಂಬೆರಡು ಮಾತು ಸಾಕು, ಲೈನಿನಲ್ಲೇ ಇರಬೇಕು, ಇಡಬಾರದು. ಬಿದ್ದವರನ್ನು ಮಂಚದಿಂದ ನೆಲಕ್ಕೆ ಇಳಿಸಬೇಕು, ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆಯೇ ತಗ್ಗುತ್ತದೆ, ಎದೆಯಲ್ಲ. ಫೋನು ಸ್ಪೀಕರಿಗೆ ಹಾಕಿ, ಎದೆಯ ನಡುವೆ, 2 ಇಂಚು ಆಳ, ನಿಮಿಷಕ್ಕೆ 100ರಿಂದ 120. ಆಗಾಗ ಬರುವ ಗೊರಕೆಯಂಥ ಸದ್ದನ್ನು ‘ಉಸಿರಾಡುತ್ತಿದ್ದಾರೆ’ ಎಂದುಕೊಂಡು ಕೈಬಿಡುವುದೇ ಜನ ಮಾಡುವ ದೊಡ್ಡ ತಪ್ಪು, ಅದು ಉಸಿರಲ್ಲ. ಪ್ರಾಣಾಪಾಯವಿಲ್ಲದ ಪ್ರಕರಣಕ್ಕೆ ಖಾಸಗಿ ಆಂಬುಲೆನ್ಸ್ ಬಂದರೆ ಅದರ ಬಿಲ್ಲು, ಆಸ್ಪತ್ರೆಯ ಬಿಲ್ಲು ಬೇರೆ ಬೇರೆ ಬರುತ್ತವೆ. ಪ್ರವಾಸಿ ವಿಮೆ ಇಲ್ಲದೆ ಹಿರಿಯರನ್ನು ಕರೆಸಬೇಡಿ.

ಚುನಾವಣೆಯ ಕಥೆ ಅವಮಾನದಿಂದ ಶುರುವಾಗುತ್ತದೆ. 2004ರಲ್ಲಿ ರಾಜ್ಯಪಾಲರ ಹುದ್ದೆಗೆ (ಇಲ್ಲಿ ಅದು ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ನಡೆದ ಚುನಾವಣೆಯಲ್ಲಿ ಕ್ರಿಸ್ಟೀನ್ ಗ್ರೆಗ್ವಾರ್ ಗೆದ್ದದ್ದು ಮೂರನೆಯ ಎಣಿಕೆಯಲ್ಲಿ, 129 ಮತಗಳಿಂದ. ಎಣಿಕೆಯ ನಡುವೆ ಕಿಂಗ್ ಕೌಂಟಿಯವರು ತಾವೇ ತಪ್ಪಾಗಿ ತಿರಸ್ಕರಿಸಿದ್ದ 573 ಮತಪತ್ರಗಳನ್ನು ಪತ್ತೆಹಚ್ಚಿದ್ದರು: ಕಂಪ್ಯೂಟರಿನಲ್ಲಿ ಸಹಿ ಸಿಗಲಿಲ್ಲವೆಂದು ಬದಿಗಿಟ್ಟವು. ಆ ಮಾನ ಹೋದ ಮೇಲೆ ಇಡೀ ವ್ಯವಸ್ಥೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. 2009ರಿಂದ ಪೂರ್ತಿ ಅಂಚೆ ಮತದಾನ. ಮತಪತ್ರ ಸುಮಾರು 20 ದಿನ ಮೊದಲೇ ಮನೆಗೆ ಬರುತ್ತದೆ, ವಾಪಸು ಕಳಿಸಲು 2018ರಿಂದ ಸ್ಟಾಂಪೂ ಬೇಡ. ಲಕೋಟೆಯ ಮೇಲಿನ ಸಹಿಯನ್ನು ದಾಖಲೆಯ ಸಹಿಯ ಜೊತೆ ತಾಳೆ ನೋಡಿ, ಆಮೇಲೆ ಮತಪತ್ರವನ್ನು ಲಕೋಟೆಯಿಂದ ಬೇರ್ಪಡಿಸುತ್ತಾರೆ.

ಎಡವುವುದು ಎರಡು ಕಡೆ. ಅಂಚೆಮುದ್ರೆ ಮತದಾನದ ದಿನದ್ದೋ ಅದಕ್ಕಿಂತ ಮೊದಲಿನದೋ ಆಗಿರಬೇಕು. ಸಂಜೆ ಅಂಚೆಪೆಟ್ಟಿಗೆಗೆ ಹಾಕಿದರೆ ಮುದ್ರೆ ಮಾರನೆಯ ದಿನದ್ದಾಗಬಹುದು, ಮತ ವ್ಯರ್ಥ. ಕೊನೆಯ ದಿನವಾದರೆ ಕೌಂಟಿಯ ಮತಪೆಟ್ಟಿಗೆಗೇ ಹೋಗಿ ರಾತ್ರಿ 8ರೊಳಗೆ ಹಾಕಬೇಕು. ಎರಡನೆಯದು ಸಹಿ. ಪೌರತ್ವ ಸಿಕ್ಕ ಹೊಸತರಲ್ಲಿ ಇಂಗ್ಲಿಷಿನಲ್ಲಿ ಸಹಿ ಹಾಕಿ, ಆಮೇಲೆ ಅಭಿಮಾನದಿಂದ ಕನ್ನಡದಲ್ಲಿ ಗೀಚಿದರೆ ತಾಳೆಯಾಗುವುದಿಲ್ಲ. ಕನ್ನಡ ಸಹಿಗೆ ಅಡ್ಡಿಯಿಲ್ಲ, ದಾಖಲೆಯಲ್ಲೂ ಅದೇ ಇರಬೇಕು, ಅಷ್ಟೆ. ತಾಳೆಯಾಗದಿದ್ದರೆ ಕೌಂಟಿ ಪತ್ರ ಬರೆಯುತ್ತದೆ. ಫಲಿತಾಂಶ ಪ್ರಮಾಣೀಕರಿಸುವ ಮುನ್ನ ಉತ್ತರಿಸಿದರೆ ಮತ ಎಣಿಕೆಗೆ ಸೇರುತ್ತದೆ. ವೀಸಾದಲ್ಲಿ, ಗ್ರೀನ್ ಕಾರ್ಡಿನಲ್ಲಿ ಇರುವವರಿಗೆ ಈ ಯಾವುದೂ ಅನ್ವಯಿಸದು. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ಮತದಾರರಾಗಿ ನೋಂದಾಯಿಸಬೇಕೇ ಎಂದು ಕೇಳಿದರೆ ಬೇಡ ಎನ್ನಬೇಕು. ಅಭ್ಯಾಸಬಲದಿಂದ ಹೂಂ ಎಂದರೆ ಮುಂದೆ ಪೌರತ್ವಕ್ಕೇ ಕುತ್ತು.

ಇಷ್ಟಕ್ಕೆಲ್ಲ ದುಡ್ಡು? ವಾಷಿಂಗ್ಟನ್‌ನಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಆಸ್ತಿ ತೆರಿಗೆಯನ್ನು ಏಪ್ರಿಲ್ 30 ಮತ್ತು ಅಕ್ಟೋಬರ್ 31ಕ್ಕೆ ಎರಡು ಕಂತಿನಲ್ಲಿ ಕಟ್ಟಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗಳಿಗೇ ಹೋಗುತ್ತದೆ. ಸ್ಥಳೀಯ ಸರ್ಕಾರವೊಂದು ತನ್ನ ಮಾಮೂಲಿ ಆಸ್ತಿ ತೆರಿಗೆಯ ಒಟ್ಟು ಮೊತ್ತವನ್ನು, ಹೊಸ ಕಟ್ಟಡಗಳಿಂದ ಬರುವುದನ್ನು ಬಿಟ್ಟರೆ, ವರ್ಷಕ್ಕೆ ಶೇ. 1ಕ್ಕಿಂತ ಹೆಚ್ಚಿಸುವಂತಿಲ್ಲ. 2001ರಲ್ಲಿ ಜನಮತದಿಂದ ಬಂದ ಮಿತಿ. 2007ರಲ್ಲಿ ನ್ಯಾಯಾಲಯ ಹೊಡೆದುಹಾಕಿದಾಗ ಶಾಸನಸಭೆ ಅದೇ ವರ್ಷ ಮತ್ತೆ ತಂದಿತು. ಮನೆಯ ಬೆಲೆ ಎರಡು ಪಟ್ಟಾದರೆ ತೆರಿಗೆಯೂ ಎರಡು ಪಟ್ಟು ಎಂದು ಹೆದರುವವರಿದ್ದಾರೆ. ಹಾಗಲ್ಲ: ಒಟ್ಟು ಮೊತ್ತ ಮೊದಲೇ ಗೊತ್ತು, ಬೆಲೆ ನಿರ್ಧರಿಸುವುದು ನಿಮ್ಮ ಪಾಲನ್ನು ಮಾತ್ರ. ಊರೆಲ್ಲರ ಮನೆಯೂ ಒಂದೇ ಪ್ರಮಾಣದಲ್ಲಿ ಏರಿದರೆ ಪಾಲು ಅಲ್ಲೇ ಇರುತ್ತದೆ.

ಹಣದುಬ್ಬರ ಶೇ. 1ರಲ್ಲಿ ನಿಲ್ಲುವುದಿಲ್ಲವಲ್ಲ. ಅದಕ್ಕೇ ಹೊಸದೇನಾದರೂ ಬೇಕಿದ್ದರೆ ಕೌಂಟಿ ಲೆವಿ ಎಂಬ ಪ್ರತ್ಯೇಕ ಆಸ್ತಿ ತೆರಿಗೆಗೆ ಮತ ಕೇಳಿ ಜನರ ಮುಂದೆ ಬರುತ್ತದೆ: ಇಷ್ಟು ವರ್ಷ, 1,000 ಡಾಲರ್ ಬೆಲೆಗೆ ಇಷ್ಟು ಸೆಂಟ್. ತುರ್ತು ವೈದ್ಯಸೇವೆಗೆ 2019ರಲ್ಲಿ ಒಪ್ಪಿದ್ದು 26.5 ಸೆಂಟ್. ಎಳೆಯ ಮಕ್ಕಳ ಆರೈಕೆಯ ಬೆಸ್ಟ್ ಸ್ಟಾರ್ಟ್ಸ್ ಫಾರ್ ಕಿಡ್ಸ್‌ಗೆ 2021ರಲ್ಲಿ 19 ಸೆಂಟ್. ಮಾನಸಿಕ ತುರ್ತುಸ್ಥಿತಿಯ ಐದು ಕೇಂದ್ರಗಳಿಗೆ 2023ರ ಏಪ್ರಿಲ್‌ನಲ್ಲಿ 14.5 ಸೆಂಟ್, ಒಂಬತ್ತು ವರ್ಷಕ್ಕೆ. 10 ಲಕ್ಷ ಡಾಲರಿನ ಮನೆಗೆ ಮೊದಲ ವರ್ಷದ ಈ ದರಗಳಲ್ಲಿ 265, 190, 145. ಒಟ್ಟು 600 ಡಾಲರ್. ಪಟ್ಟಿಯಲ್ಲಿ ಹೊಳೆಯುವ ಸಾಧನೆಗಳಲ್ಲಿ ಬಹುಪಾಲು ಹೀಗೆ ಪ್ರತ್ಯೇಕ ದುಡ್ಡಿನವು. ಕೋರ್ಟು, ಜೈಲು, ಪೊಲೀಸು ನಡೆಯುವ ಸಾಮಾನ್ಯ ನಿಧಿ ಮಾತ್ರ ವರ್ಷ ವರ್ಷ ಸೊರಗುತ್ತದೆ, ಅದರ ಸುದ್ದಿ ಬಜೆಟ್ ಸಭೆಯಲ್ಲಿ ಬರುತ್ತದೆಯೇ ಹೊರತು ಸಾಧನೆಯ ಪಟ್ಟಿಯಲ್ಲಿ ಅಲ್ಲ.

ಬಸ್ಸಿನ ಬಗ್ಗೆ ಚುಟುಕಾಗಿ. ದೊಡ್ಡವರಿಗೆ 2025ರ ಸೆಪ್ಟೆಂಬರ್‌ನಿಂದ 3 ಡಾಲರ್, ಎರಡು ಗಂಟೆಯೊಳಗೆ ಬಸ್ಸು ಬದಲಿಸಬಹುದು. 18 ವರ್ಷದವರೆಗಿನ ಮಕ್ಕಳಿಗೆ 2022ರ ಸೆಪ್ಟೆಂಬರ್ 1ರಿಂದ ಉಚಿತ. ಅದು ಕೌಂಟಿಯ ಪಟ್ಟಿಯಲ್ಲಿದ್ದರೂ ಹಿಂದಿರುವ ದುಡ್ಡು ರಾಜ್ಯದ ಸಾರಿಗೆ ಅನುದಾನ. ಶಕ್ತಿ ಯೋಜನೆಯ ಬಸ್ಸು ನಿಗಮದ್ದು, ಟಿಕೆಟ್ಟಿನ ದುಡ್ಡು ಸರ್ಕಾರದ್ದು ಎಂಬ ಹಾಗೆ. 2024ರ ಸೆಪ್ಟೆಂಬರ್‌ನಲ್ಲಿ ಮ್ಯಾಡಿಸನ್ ಬೀದಿಯಲ್ಲಿ ರಾಪಿಡ್‌ರೈಡ್ ಜಿ ಎಂಬ ವೇಗದ ಬಸ್ ಮಾರ್ಗ ಶುರುವಾಯಿತು, ಒಳ್ಳೆಯ ಕೆಲಸ. ಅದಕ್ಕೆ ಒಂದು ವರ್ಷ ಮೊದಲು ಚಾಲಕರು, ಮೆಕ್ಯಾನಿಕ್‌ಗಳು ಸಾಲದೆ ಹಲವು ಮಾರ್ಗಗಳನ್ನು ನಿಲ್ಲಿಸಿದ್ದೂ ಇದೇ ಮೆಟ್ರೊ. ‘ಸಮಯಕ್ಕೆ ಸರಿಯಾಗಿ’ ಎಂಬ ಶೇಕಡಾವಾರಿನಲ್ಲಿ ಸುಮಾರು ಐದು ನಿಮಿಷದ ತಡವೂ ಸಮಯವೇ. ಓಡಬೇಕಿದ್ದೂ ಓಡದ ಟ್ರಿಪ್ಪುಗಳನ್ನು ಎಲ್ಲಿ ಎಣಿಸಿದ್ದಾರೆ ಎಂದು ಬೇರೆ ಹುಡುಕಬೇಕು.

ಮನೆಯಿಲ್ಲದವರಿಗೆ ಹೋಟೆಲು ಕಟ್ಟಡಗಳನ್ನು ಕೊಂಡು ವಸತಿ ಮಾಡುವ ಯೋಜನೆಗೆ 2020ರಲ್ಲಿ ಶೇ. 0.1 ಮಾರಾಟ ತೆರಿಗೆ ಹಾಕಿದರು, ಗುರಿ 1,600 ಮನೆ. ಇಂಥ ಕಡೆ ಕ್ರಿಯಾಪದ ನೋಡಿ ಓದಬೇಕು. ಘೋಷಿಸಿದ್ದು, ಕೊಂಡದ್ದು, ತೆರೆದದ್ದು, ಜನ ತುಂಬಿದ್ದು ನಾಲ್ಕೂ ಬೇರೆ. ಕಟ್ಟಡ ಕೊಳ್ಳಲು ತಿಂಗಳು ಸಾಕು. ಊರಿನ ತಕರಾರು, ನಗರಸಭೆಯ ಅನುಮತಿ, ರಾತ್ರಿಪಾಳಿಗೆ ಸಿಗದ ಸಿಬ್ಬಂದಿ ದಾಟಿ ಬಾಗಿಲು ತೆಗೆಯಲು ವರ್ಷಗಳೇ ಬೇಕಾಗುತ್ತವೆ.

ಪಟ್ಟಿಯಲ್ಲಿ ಬರದ ವರ್ಷಗಳಿಗೂ ಲೆಕ್ಕ ಉಂಟು. ದುವಾಮಿಶ್ ನದಿಯ ಮೇಲೆ 1931ರ ಸೌತ್ ಪಾರ್ಕ್ ಸೇತುವೆ ಇತ್ತು, ದೋಣಿ ಬಂದಾಗ ಎರಡು ಹಲಗೆ ಮೇಲೆದ್ದು ದಾರಿ ಬಿಡುವ ಬಗೆಯದು. ಕೇಂದ್ರ ಸರ್ಕಾರದ ಸುರಕ್ಷತಾ ಅಳತೆಯಲ್ಲಿ ಅದಕ್ಕೆ 100ಕ್ಕೆ 4 ಅಂಕ ಬಂದಿತ್ತು. ಕೌಂಟಿಗೆ ಹೊಸದು ಕಟ್ಟಲು ದುಡ್ಡಿರಲಿಲ್ಲ; 2010ರ ಜೂನ್ 30ರ ಸಂಜೆ ಸೇತುವೆಯನ್ನು ಮುಚ್ಚಿಯೇಬಿಟ್ಟರು. ಆಚೆಯ ದಡದ ಅಂಗಡಿ, ಹೋಟೆಲುಗಳ ಗಿರಾಕಿ ಅರ್ಧ ದಾರಿಯಲ್ಲೇ ನಿಂತರು. ಮುಚ್ಚಿದ ಮೇಲೆ ನಗರ, ರಾಜ್ಯ, ಬಂದರು ಎಲ್ಲರೂ ಕೈ ಸೇರಿಸಿದರು, ಆ ಅಕ್ಟೋಬರ್‌ನಲ್ಲಿ ಕೇಂದ್ರದಿಂದ 3.4 ಕೋಟಿ ಡಾಲರ್ ಬಂತು. ಹೊಸ ಸೇತುವೆಯ ಮೇಲೆ ಮೊದಲ ವಾಹನಗಳು ಹಾದದ್ದು 2014ರ ಜೂನ್ 30ರಂದು.